ಮಧ್ಯಸ್ಥಿಕೆ: ವೈಯಕ್ತಿಕ ವ್ಯಾಜ್ಯಗಳಿಗೆ ಒಪ್ಪಿಗೆಯ ಪರಿಹಾರ

ಇಬ್ಬರು ಅಥವಾ ಹೆಚ್ಚು ಮಂದಿಯ ನಡುವೆ ಎದ್ದ ತಕರಾರನ್ನು, ಯಾರ ಪಕ್ಷವನ್ನೂ ವಹಿಸದ ಮೂರನೆಯ ವ್ಯಕ್ತಿಯ ನೆರವಿನಿಂದ ಅವರೇ ಮಾತಾಡಿ ಬಗೆಹರಿಸಿಕೊಳ್ಳುವ ಕ್ರಮಕ್ಕೆ ಮಧ್ಯಸ್ಥಿಕೆ ಎಂದು ಹೆಸರು. ಮಧ್ಯಸ್ಥರಿಗೆ ತೀರ್ಪು ಹೇಳುವ ಅಧಿಕಾರವಿಲ್ಲ. ತಪ್ಪು ಯಾರದು, ಸರಿ ಯಾರದು ಎಂದು ಅವರು ನಿರ್ಣಯಿಸುವುದಿಲ್ಲ. ಮಾತು ಮುರಿದುಬಿದ್ದ ಕಡೆ ಅದನ್ನು ಮತ್ತೆ ಆರಂಭಿಸುವುದು, ಕೋಪದ ಕೆಳಗೆ ಅಡಗಿದ ನಿಜವಾದ ಅಗತ್ಯವನ್ನು ಹೊರತರುವುದು, ಇಬ್ಬರೂ ಒಪ್ಪಬಲ್ಲ ದಾರಿಗಳನ್ನು ಹುಡುಕಲು ನೆರವಾಗುವುದು ಅವರ ಕೆಲಸ. ಗಂಡ ಹೆಂಡಿರ ಮನಸ್ತಾಪ, ಅಣ್ಣತಮ್ಮಂದಿರ ಪಾಲಿನ ಜಗಳ, ತಂದೆತಾಯಿಯ ಪೋಷಣೆ, ಬಾಡಿಗೆ, ಕೈಸಾಲ, ಹೊಲದ ಬದು, ನೆರೆಮನೆಯ ಗೋಡೆ, ಇಂಥ ವೈಯಕ್ತಿಕ ವ್ಯಾಜ್ಯಗಳಲ್ಲಿ ಈ ಕ್ರಮ ವಿಶೇಷವಾಗಿ ಉಪಯುಕ್ತ. ಇಲ್ಲೆಲ್ಲ ವ್ಯಾಜ್ಯ ಮುಗಿದ ಮೇಲೂ ಎರಡೂ ಕಡೆಯವರು ಒಬ್ಬರ ಮುಖ ಒಬ್ಬರು ನೋಡಿಕೊಂಡೇ ಬಾಳಬೇಕಾಗಿರುತ್ತದೆ.

ಮಧ್ಯಸ್ಥಿಕೆಯ ಪ್ರಾಣ ಇರುವುದು ಒಪ್ಪಿಗೆಯಲ್ಲಿ. ಒಪ್ಪಂದಕ್ಕೆ ಸಹಿ ಹಾಕುವವರೆಗೂ ಯಾವ ಕಕ್ಷಿದಾರರಾದರೂ ‘ನನಗೆ ಇದು ಬೇಡ’ ಎಂದು ಎದ್ದು ಹೋಗಬಹುದು, ಹಾಗೆ ಎದ್ದು ಹೋದುದಕ್ಕೆ ದಂಡವಾಗಲಿ ಅಪಖ್ಯಾತಿಯಾಗಲಿ ಬರುವುದಿಲ್ಲ. ಈ ಸ್ವಾತಂತ್ರ್ಯವಿದ್ದರೆ ಮಾತ್ರ ಅಲ್ಲಿ ಹುಟ್ಟಿದ ರಾಜಿ ನ್ಯಾಯವಾದ ರಾಜಿ. ಈ ಪದ್ಧತಿಯ ಇತಿಹಾಸ, ಕಾನೂನು, ಯಶಸ್ಸು, ಸೋಲು ಎಲ್ಲವನ್ನೂ ಈ ಒಂದು ಅಳತೆಗೋಲಿನಿಂದಲೇ ನೋಡಬೇಕಾಗುತ್ತದೆ.

ಸ್ವರೂಪ ಮತ್ತು ಹೋಲುವ ಪದ್ಧತಿಗಳು

ನ್ಯಾಯಾಲಯದಲ್ಲಿ ನ್ಯಾಯಾಧೀಶರು ಸಾಕ್ಷ್ಯ ಮತ್ತು ಕಾನೂನಿನ ಆಧಾರದ ಮೇಲೆ ತೀರ್ಪು ಕೊಡುತ್ತಾರೆ. ಒಬ್ಬರು ಗೆಲ್ಲುತ್ತಾರೆ, ಇನ್ನೊಬ್ಬರು ಸೋಲುತ್ತಾರೆ, ಸೋತವರು ಮೇಲ್ಮನವಿ ಹಾಕುತ್ತಾರೆ. ಆರ್ಬಿಟ್ರೇಷನ್ ಎಂಬ ಪದ್ಧತಿಯಲ್ಲಿ ಉಭಯಪಕ್ಷದವರು ತಾವೇ ಪಂಚರನ್ನು ಆರಿಸಿಕೊಳ್ಳುತ್ತಾರೆ. ಆದರೆ ಒಮ್ಮೆ ಆರಿಸಿಕೊಂಡ ಮೇಲೆ ಪಂಚರು ಹೇಳಿದ ತೀರ್ಮಾನಕ್ಕೆ ಇಬ್ಬರೂ ಬದ್ಧರು. ಮಧ್ಯಸ್ಥಿಕೆ ಈ ಎರಡರಿಂದಲೂ ಬೇರೆ. ಇಲ್ಲಿ ತೀರ್ಮಾನ ಕಕ್ಷಿದಾರರದೇ.

ಲೋಕ ಅದಾಲತ್ತನ್ನೂ ಮಧ್ಯಸ್ಥಿಕೆಯನ್ನೂ ಜನ ಒಂದೇ ಎಂದು ಭಾವಿಸುವುದುಂಟು. 1987ರ ಕಾನೂನು ಸೇವೆಗಳ ಪ್ರಾಧಿಕಾರಗಳ ಕಾಯ್ದೆಯ ಅಡಿಯಲ್ಲಿ ನಡೆಯುವ ಲೋಕ ಅದಾಲತ್‌ನಲ್ಲಿಯೂ ರಾಜಿಯೇ ಗುರಿ. ಅಲ್ಲಿನ ಐತೀರ್ಪಿಗೆ ಡಿಕ್ರಿಯ ಬಲವಿದೆ, ಅದರ ಮೇಲೆ ಮೇಲ್ಮನವಿ ಇಲ್ಲ. ಆದರೆ ಲೋಕ ಅದಾಲತ್ ಒಂದೇ ದಿನ ಸಾವಿರಾರು ಪ್ರಕರಣಗಳನ್ನು ಎತ್ತಿಕೊಳ್ಳುತ್ತದೆ. ವಿಮೆ, ಬ್ಯಾಂಕ್ ಸಾಲ, ಮೋಟಾರು ಅಪಘಾತದ ಪರಿಹಾರ ಮುಂತಾಗಿ ಮೊತ್ತವೊಂದೇ ಚರ್ಚೆಯಾಗಬೇಕಾದ ಕಡೆ ಅದು ಸೂಕ್ತ. ಹತ್ತು ವರ್ಷದ ಮನಸ್ತಾಪವನ್ನು ಬಿಡಿಸಬೇಕಾದ ಕಡೆ ಗಂಟೆಗಟ್ಟಲೆ ಕೂತು ಕೇಳುವ ಮಧ್ಯಸ್ಥರು ಬೇಕು.

ಪ್ರಾಚೀನ ಹಿನ್ನೆಲೆ

ಅರಸನ ಆಸ್ಥಾನಕ್ಕೆ ಹೋಗದೆ ತಮ್ಮೊಳಗೆ ವ್ಯಾಜ್ಯ ತೀರಿಸಿಕೊಳ್ಳುವ ಏರ್ಪಾಟು ಭಾರತದಲ್ಲಿ ಬಹಳ ಹಳೆಯದು. ಯಾಜ್ಞವಲ್ಕ್ಯ ಸ್ಮೃತಿ ಅರಸನು ನೇಮಿಸಿದ ಅಧಿಕಾರಿಗಳ ಜೊತೆಗೆ ಪೂಗ, ಶ್ರೇಣಿ, ಕುಲ ಎಂಬ ಮೂರು ಕೂಟಗಳನ್ನು ವ್ಯವಹಾರ ನೋಡುವ ಸಂಸ್ಥೆಗಳೆಂದು ಹೇಳುತ್ತದೆ. ಕಲ್ಯಾಣದ ಚಾಲುಕ್ಯ ದೊರೆ ಆರನೆಯ ವಿಕ್ರಮಾದಿತ್ಯನ ಕಾಲದಲ್ಲಿದ್ದ ವಿಜ್ಞಾನೇಶ್ವರ ಈ ಸ್ಮೃತಿಗೆ ‘ಮಿತಾಕ್ಷರಾ’ ಎಂಬ ವ್ಯಾಖ್ಯಾನ ಬರೆದ. ಅವನ ವಿವರಣೆಯಂತೆ ಪೂಗವೆಂದರೆ ಒಂದೇ ಊರಿನಲ್ಲಿ ವಾಸಿಸುವ, ಬೇರೆ ಬೇರೆ ಜಾತಿ ಮತ್ತು ಕಸುಬಿನವರ ಕೂಟ, ಶ್ರೇಣಿಯೆಂದರೆ ಒಂದೇ ಕಸುಬಿನವರ ಸಂಘ, ಕುಲವೆಂದರೆ ನಂಟರಿಷ್ಟರ ಗುಂಪು. ಕೆಳಗಿನ ಕೂಟದ ತೀರ್ಮಾನದಿಂದ ಸಮಾಧಾನವಾಗದವನು ಮೇಲಿನದಕ್ಕೆ ಹೋಗಬಹುದಿತ್ತು. ಹಿಂದೂ ಅವಿಭಕ್ತ ಕುಟುಂಬದ ಆಸ್ತಿ ಹಂಚಿಕೆಯ ಚರ್ಚೆ ಇಂದಿಗೂ ಮಿತಾಕ್ಷರಾದ ಹೆಸರಿಲ್ಲದೆ ಮುಂದುವರಿಯುವುದಿಲ್ಲ.

ಕನ್ನಡ ನಾಡಿನ ಹಳ್ಳಿಗಳಲ್ಲಿ ಅರಳಿಕಟ್ಟೆಯ ಮೇಲೆ, ದೇವಸ್ಥಾನದ ಮುಂದೆ ಹಿರಿಯರು ಕೂತು ಪಂಚಾಯ್ತಿ ಮಾಡುವುದು ಇತ್ತೀಚಿನವರೆಗೂ ನಿತ್ಯದ ಸಂಗತಿ, ಕೆಲವೆಡೆ ಈಗಲೂ ಉಂಟು. ಚಿತ್ರದುರ್ಗ ಜಿಲ್ಲೆಯ ಸಿರಿಗೆರೆಯ ತರಳಬಾಳು ಬೃಹನ್ಮಠದ ‘ಸದ್ಧರ್ಮ ನ್ಯಾಯಪೀಠ’ ಈ ಪರಂಪರೆಯ ಸಂಘಟಿತ ರೂಪ. ಸೋಮವಾರದಂದು ಅಲ್ಲಿ ಸ್ವಾಮೀಜಿಯವರ ಮುಂದೆ ಜಮೀನು, ಸಾಲ, ಸಂಸಾರದ ತಕರಾರುಗಳನ್ನು ಹೊತ್ತ ಜನ ಸೇರುತ್ತಾರೆ. ದಕ್ಷಿಣ ಕನ್ನಡದ ಧರ್ಮಸ್ಥಳದಲ್ಲಿಯೂ ಹೆಗ್ಗಡೆಯವರ ಮುಂದೆ ವ್ಯಾಜ್ಯ ಹೇಳಿಕೊಂಡು ಪರಿಹಾರ ಕೇಳುವ ವಾಡಿಕೆ ಬಹುಕಾಲದ್ದು.

ಈ ಹಳೆಯ ಪದ್ಧತಿಗಳನ್ನು ಆಧುನಿಕ ಮಧ್ಯಸ್ಥಿಕೆಯ ತಾಯಿಬೇರು ಎಂದು ಹೊಗಳುವುದು ಸುಲಭ. ಅವುಗಳಲ್ಲಿ ಕಲಿಯುವಂಥದ್ದು ನಿಜಕ್ಕೂ ಇದೆ. ಖರ್ಚು ಕಡಿಮೆ, ಕಾಲ ಕಡಿಮೆ, ಮಾತು ಜನರದೇ ಭಾಷೆಯಲ್ಲಿ, ತೀರ್ಮಾನ ಮಾಡುವವರಿಗೆ ಹೊಲವೂ ಗೊತ್ತು, ಮನೆತನವೂ ಗೊತ್ತು. ಆದರೆ ಅಲ್ಲಿ ಹಿರಿಯರು ಹೇಳಿದ್ದು ತೀರ್ಪೇ ಆಗಿರುತ್ತಿತ್ತು. ಹೆಣ್ಣುಮಕ್ಕಳು ಮತ್ತು ದಲಿತರು ಕಟ್ಟೆಯ ಮೇಲೆ ಕೂರುವಂತಿರಲಿಲ್ಲ. ಒಪ್ಪದವರಿಗೆ ಬಹಿಷ್ಕಾರದ ಭಯವಿತ್ತು. ಆದ್ದರಿಂದ ಹಳೆಯ ಪಂಚಾಯ್ತಿ ಮತ್ತು ಇಂದಿನ ಮಧ್ಯಸ್ಥಿಕೆಯ ನಡುವೆ ನಂಟಿದೆ, ಆದರೆ ಎರಡೂ ಒಂದೇ ಅಲ್ಲ.

ಗಾಂಧೀಜಿಯ ಅನುಭವ

ವಕೀಲ ವೃತ್ತಿಯೊಳಗೆ ರಾಜಿಯ ಮಹತ್ವವನ್ನು ಎತ್ತಿಹಿಡಿದವರಲ್ಲಿ ಮೋಹನದಾಸ ಗಾಂಧಿ ಪ್ರಮುಖರು. 1893ರಲ್ಲಿ ಅವರು ದಕ್ಷಿಣ ಆಫ್ರಿಕಕ್ಕೆ ಹೋದದ್ದು ವರ್ತಕ ದಾದಾ ಅಬ್ದುಲ್ಲಾ ಅವರ ದಾವೆಗಾಗಿ. ಎದುರು ಕಕ್ಷಿದಾರರಾದ ತಯ್ಯಬ್ ಸೇಠ್ ದಾದಾ ಅಬ್ದುಲ್ಲಾ ಅವರ ಬಂಧುವೇ. ದಾವೆ ಮುಂದುವರಿದರೆ ವಕೀಲರ ಖರ್ಚಿನಲ್ಲಿ ಇಬ್ಬರೂ ಮುಳುಗುವುದನ್ನು ಕಂಡ ಗಾಂಧೀಜಿ ಪಂಚರ ಮುಂದೆ ಹೋಗುವಂತೆ ಇಬ್ಬರನ್ನೂ ಒಪ್ಪಿಸಿದರು. ಪಂಚರ ತೀರ್ಪು ದಾದಾ ಅಬ್ದುಲ್ಲಾ ಅವರ ಕಡೆಗಾಯಿತು. ತಯ್ಯಬ್ ಸೇಠ್ ಕೊಡಬೇಕಾದದ್ದು ಸುಮಾರು 37,000 ಪೌಂಡ್ ಮತ್ತು ಖರ್ಚು. ಒಂದೇ ಸಲಕ್ಕೆ ಅಷ್ಟು ಕೊಟ್ಟರೆ ಅವರು ದಿವಾಳಿಯಾಗುತ್ತಿದ್ದರು. ದೀರ್ಘ ಅವಧಿಯ ಕಂತುಗಳಲ್ಲಿ ಹಣ ಪಡೆಯಲು ಗಾಂಧೀಜಿ ತಮ್ಮ ಕಕ್ಷಿದಾರರನ್ನು ಬಹಳ ಕಷ್ಟಪಟ್ಟು ಒಪ್ಪಿಸಿದರು. ಪಂಚರ ತೀರ್ಪಿನಿಂದ ಹಕ್ಕು ಇತ್ಯರ್ಥವಾಯಿತು. ಅದಾದ ಮೇಲೆ ನಡೆದ ಮಾತುಕತೆಯಿಂದ ಎರಡು ಮನೆಗಳು ಉಳಿದವು. ಬೇರ್ಪಟ್ಟವರನ್ನು ಕೂಡಿಸುವುದೇ ವಕೀಲನ ನಿಜವಾದ ಕರ್ತವ್ಯವೆಂದು ತಾವು ಅಂದು ಕಲಿತದ್ದಾಗಿಯೂ, ಮುಂದಿನ ಇಪ್ಪತ್ತು ವರ್ಷಗಳ ವಕಾಲತ್ತಿನ ಬಹುಭಾಗ ನೂರಾರು ರಾಜಿಗಳಲ್ಲಿಯೇ ಕಳೆಯಿತೆಂದೂ ಅವರು ಆತ್ಮಕಥೆಯಲ್ಲಿ ಬರೆದಿದ್ದಾರೆ.

ಬೇರೆ ದೇಶಗಳಲ್ಲಿ

ಡೆನ್ಮಾರ್ಕ್ ಮತ್ತು ನಾರ್ವೆಗಳಲ್ಲಿ 1790ರ ದಶಕದಲ್ಲಿಯೇ ಕಾನೂನಿನ ಮೂಲಕ ರಾಜಿ ಮಂಡಲಿಗಳು ಹುಟ್ಟಿಕೊಂಡವು. ನಾರ್ವೆಯ ಸ್ಥಳೀಯ ಆಡಳಿತ ಕ್ಷೇತ್ರಗಳಲ್ಲಿ ಅವು ಈಗಲೂ ಕೆಲಸ ಮಾಡುತ್ತಿವೆ. ಸದಸ್ಯರು ಕಾನೂನು ಓದಿದವರೇ ಆಗಬೇಕಿಲ್ಲ. ಜಪಾನಿನಲ್ಲಿ ‘ಚೋತೇ’ ಎಂಬ ಪದ್ಧತಿಯಿದೆ. ಒಮ್ಮತವಿಲ್ಲದ ವಿಚ್ಛೇದನದ ಪ್ರಕರಣಗಳು ಅಲ್ಲಿ ದಾವೆಗೆ ಮುನ್ನ ಕುಟುಂಬ ನ್ಯಾಯಾಲಯದ ಚೋತೇ ಮುಂದೆ ಹೋಗಬೇಕು. ಚೀನಾದಲ್ಲಿ ಹಳ್ಳಿ ಮತ್ತು ಮೊಹಲ್ಲಾಗಳ ಮಟ್ಟದಲ್ಲಿ ಜನತಾ ಮಧ್ಯಸ್ಥಿಕೆ ಸಮಿತಿಗಳಿವೆ, 2011ರ ಜನವರಿಯಿಂದ ಅವಕ್ಕೆ ಪ್ರತ್ಯೇಕ ಕಾನೂನಿದೆ.

ನಮ್ಮ ನೆರೆಯ ಶ್ರೀಲಂಕಾದ ಉದಾಹರಣೆ ಹೆಚ್ಚು ಬೋಧಪ್ರದ. 1988ರ ಮಧ್ಯಸ್ಥಿಕೆ ಮಂಡಲಿ ಕಾಯ್ದೆಯಂತೆ ಅಲ್ಲಿ ಊರಿನ ನಂಬಿಕಸ್ಥ ನಾಗರಿಕರು ತರಬೇತಿ ಪಡೆದು ಸ್ವಯಂಸೇವಕರಾಗಿ ಈ ಕೆಲಸ ಮಾಡುತ್ತಾರೆ. ಸಣ್ಣ ಮೊತ್ತದ ವ್ಯಾಜ್ಯಗಳು ನ್ಯಾಯಾಲಯಕ್ಕೆ ಹೋಗಬೇಕಾದರೆ ಮೊದಲು ಮಂಡಲಿಯ ಮುಂದೆ ಬಂದು, ರಾಜಿಯಾಗಲಿಲ್ಲವೆಂಬ ಪ್ರಮಾಣಪತ್ರ ಪಡೆಯಬೇಕು. ಮಂಡಲಿಯ ಮುಂದೆ ಬರುವುದು ಕಡ್ಡಾಯ, ರಾಜಿಯಾಗುವುದು ಕಡ್ಡಾಯವಲ್ಲ.

ಅಮೆರಿಕದಲ್ಲಿ 1976ರ ಪೌಂಡ್ ಸಮ್ಮೇಳನದಲ್ಲಿ ಹಾರ್ವರ್ಡ್ ಪ್ರಾಧ್ಯಾಪಕ ಫ್ರಾಂಕ್ ಸ್ಯಾಂಡರ್ ಮಾಡಿದ ಭಾಷಣ ಆಧುನಿಕ ಚಳವಳಿಗೆ ತಿರುವು ಕೊಟ್ಟಿತು. ಎಲ್ಲ ವ್ಯಾಜ್ಯಗಳಿಗೂ ಒಂದೇ ಬಾಗಿಲು ಸರಿಯಲ್ಲ, ವ್ಯಾಜ್ಯದ ಗುಣ ನೋಡಿ ದಾವೆಗೋ ಪಂಚತೀರ್ಪಿಗೋ ಮಧ್ಯಸ್ಥಿಕೆಗೋ ಕಳಿಸಬೇಕು ಎಂಬುದು ಅವರ ವಾದ. 1981ರಲ್ಲಿ ರೋಜರ್ ಫಿಷರ್ ಮತ್ತು ವಿಲಿಯಂ ಯೂರಿ ಪ್ರಕಟಿಸಿದ ‘ಗೆಟಿಂಗ್ ಟು ಯೆಸ್’ ಪುಸ್ತಕ, ಜನ ಬಾಯಲ್ಲಿ ಕೇಳುವ ಬೇಡಿಕೆ ಬೇರೆ, ಅದರ ಹಿಂದಿರುವ ಹಿತ ಬೇರೆ ಎಂಬ ತಿಳಿವನ್ನು ಹರಡಿತು. ಈ ತಿಳಿವಿಗೆ ಇನ್ನೂ ಹಳೆಯ ಮೂಲವಿದೆ. ಮೇರಿ ಪಾರ್ಕರ್ ಫಾಲೆಟ್ ಎಂಬ ಚಿಂತಕಿ 1920ರ ದಶಕದಲ್ಲಿ ಗ್ರಂಥಾಲಯದ ಒಂದು ಪ್ರಸಂಗ ಹೇಳುತ್ತಿದ್ದರು. ಒಬ್ಬರಿಗೆ ಕಿಟಕಿ ತೆರೆದಿರಬೇಕು, ಇನ್ನೊಬ್ಬರಿಗೆ ಮುಚ್ಚಿರಬೇಕು. ಕೊನೆಗೆ ಯಾರೂ ಕೂರದಿದ್ದ ಪಕ್ಕದ ಕೋಣೆಯ ಕಿಟಕಿ ತೆರೆದರು. ಒಬ್ಬರಿಗೆ ಬೇಕಾಗಿದ್ದದ್ದು ಹೊಸ ಗಾಳಿ, ಇನ್ನೊಬ್ಬರಿಗೆ ಬೇಡವಾಗಿದ್ದದ್ದು ಮೈಮೇಲೆ ನೇರವಾಗಿ ಬೀಸುವ ಗಾಳಿ. ಕಿಟಕಿ ಅರ್ಧ ತೆರೆದಿದ್ದರೆ ಇಬ್ಬರಿಗೂ ಅರೆ ಅಸಮಾಧಾನ ಉಳಿಯುತ್ತಿತ್ತು.

ಭಾರತದ ಕಾನೂನು

ಭಾರತದ ಅನೇಕ ಕಾನೂನುಗಳು ರಾಜಿಗೆ ಜಾಗ ಕೊಟ್ಟಿವೆ. 1947ರ ಕೈಗಾರಿಕಾ ವಿವಾದಗಳ ಕಾಯ್ದೆ ಸಂಧಾನಾಧಿಕಾರಿಗಳ ನೇಮಕಕ್ಕೆ ದಾರಿ ಮಾಡಿತು. 1955ರ ಹಿಂದೂ ವಿವಾಹ ಕಾಯ್ದೆ, ದಂಪತಿಯನ್ನು ಕೂಡಿಸಲು ಸಾಧ್ಯವಿದ್ದಲ್ಲಿ ನ್ಯಾಯಾಲಯ ಮೊದಲು ಆ ಪ್ರಯತ್ನ ಮಾಡಬೇಕೆಂದು ಹೇಳಿತು. 1984ರ ಕುಟುಂಬ ನ್ಯಾಯಾಲಯಗಳ ಕಾಯ್ದೆ ಅದನ್ನೇ ನ್ಯಾಯಾಲಯದ ಕರ್ತವ್ಯವಾಗಿಸಿ, ಆಪ್ತಸಮಾಲೋಚಕರ ನೇಮಕಕ್ಕೆ ಅವಕಾಶ ಕೊಟ್ಟಿತು. 2007ರ ಹಿರಿಯ ನಾಗರಿಕರ ಪೋಷಣೆಯ ಕಾಯ್ದೆಯಡಿ, ತಂದೆತಾಯಿಯ ಅರ್ಜಿಯನ್ನು ವಿಚಾರಣೆಗೆ ಮುನ್ನ ಸಂಧಾನಾಧಿಕಾರಿಗೆ ಕಳಿಸಬಹುದು. ಅವರು ಒಂದು ತಿಂಗಳೊಳಗೆ ವರದಿ ಕೊಡಬೇಕು.

ಸಿವಿಲ್ ದಾವೆಗಳಿಗೆ ಸಂಬಂಧಿಸಿದ ದೊಡ್ಡ ಬದಲಾವಣೆ ಬಂದದ್ದು ಸಿವಿಲ್ ಪ್ರಕ್ರಿಯಾ ಸಂಹಿತೆಯ 89ನೇ ಕಲಮಿನಿಂದ. 1999ರಲ್ಲಿ ತಿದ್ದುಪಡಿಯಾಗಿ 2002ರ ಜುಲೈ 1ರಿಂದ ಜಾರಿಗೆ ಬಂದ ಈ ಕಲಮು, ರಾಜಿಯ ಅಂಶ ಕಂಡ ದಾವೆಯನ್ನು ಪರ್ಯಾಯ ಮಾರ್ಗಕ್ಕೆ ಕಳಿಸುವಂತೆ ನ್ಯಾಯಾಲಯಕ್ಕೆ ಹೇಳುತ್ತದೆ. 2005ರ ಏಪ್ರಿಲ್ 9ರಂದು ಸುಪ್ರೀಂ ಕೋರ್ಟು ಮಧ್ಯಸ್ಥಿಕೆ ಮತ್ತು ಸಂಧಾನ ಯೋಜನಾ ಸಮಿತಿಯನ್ನು ರಚಿಸಿತು. ಕರ್ನಾಟಕದವರಾದ ನ್ಯಾಯಮೂರ್ತಿ ಎನ್. ಸಂತೋಷ್ ಹೆಗ್ಡೆ ಅದರ ಮೊದಲ ಅಧ್ಯಕ್ಷರು. ಮಧ್ಯಸ್ಥರಿಗೆ ಕನಿಷ್ಠ 40 ಗಂಟೆಗಳ ತರಬೇತಿ ಎಂಬ ಕ್ರಮವನ್ನು ದೇಶದಾದ್ಯಂತ ತಂದದ್ದು ಈ ಸಮಿತಿ.

89ನೇ ಕಲಮಿನ ಭಾಷೆಯಲ್ಲಿ ತೊಡಕಿತ್ತು. ಮಧ್ಯಸ್ಥಿಕೆಗೆ ಕೊಡಬೇಕಾದ ವಿವರಣೆ ನ್ಯಾಯಿಕ ಇತ್ಯರ್ಥಕ್ಕೂ, ನ್ಯಾಯಿಕ ಇತ್ಯರ್ಥಕ್ಕೆ ಕೊಡಬೇಕಾದದ್ದು ಮಧ್ಯಸ್ಥಿಕೆಗೂ ಅದಲುಬದಲಾಗಿ ಅಚ್ಚಾಗಿದ್ದವು. ಸುಪ್ರೀಂ ಕೋರ್ಟಿನ 2010ರ ಆಫ್ಕಾನ್ಸ್ ಪ್ರಕರಣದಲ್ಲಿ, ಹಿಂದೆ ಕರ್ನಾಟಕ ಹೈಕೋರ್ಟಿನಲ್ಲಿ ನ್ಯಾಯಮೂರ್ತಿಯಾಗಿದ್ದ ಆರ್.ವಿ. ರವೀಂದ್ರನ್ ಈ ಗೊಂದಲವನ್ನು ಬಿಡಿಸಿದರು. ದಾಂಪತ್ಯ, ಪೋಷಣೆ, ಮಕ್ಕಳ ಸುಪರ್ದು, ಪಾಲು, ನೆರೆಹೊರೆ, ಪಾಲುದಾರಿಕೆ, ಗ್ರಾಹಕ ವ್ಯಾಜ್ಯಗಳು ಮಧ್ಯಸ್ಥಿಕೆಗೆ ಸಾಮಾನ್ಯವಾಗಿ ತಕ್ಕವು ಎಂದು ಆ ತೀರ್ಪು ಪಟ್ಟಿ ಮಾಡಿತು. ದಾವೆಯನ್ನು ಮಧ್ಯಸ್ಥಿಕೆಗೆ ಕಳಿಸಲು ಕಕ್ಷಿದಾರರ ಒಪ್ಪಿಗೆ ಬೇಕಿಲ್ಲ ಎಂದೂ ಹೇಳಿತು. ಮಾತುಕತೆಯ ಮೇಜಿನವರೆಗೆ ನ್ಯಾಯಾಲಯ ಕಳಿಸಬಹುದು, ಅಲ್ಲಿಂದ ಮುಂದೆ ಒಪ್ಪುವುದೂ ಬಿಡುವುದೂ ಕಕ್ಷಿದಾರರಿಗೆ ಸೇರಿದ್ದು.

2013ರಲ್ಲಿ ಕೆ. ಶ್ರೀನಿವಾಸ ರಾವ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟು, ದಾಂಪತ್ಯ ವ್ಯಾಜ್ಯಗಳನ್ನು ಆರಂಭದಲ್ಲಿಯೇ ಮಧ್ಯಸ್ಥಿಕೆಗೆ ಕಳಿಸಬೇಕೆಂದು ಕುಟುಂಬ ನ್ಯಾಯಾಲಯಗಳಿಗೆ ನಿರ್ದೇಶನ ನೀಡಿತು. 2018ರ ತಿದ್ದುಪಡಿಯಿಂದ ವಾಣಿಜ್ಯ ದಾವೆಗಳಲ್ಲಿ, ತುರ್ತು ಪರಿಹಾರ ಬೇಡದಿದ್ದರೆ, ದಾವೆಪೂರ್ವ ಮಧ್ಯಸ್ಥಿಕೆ ಕಡ್ಡಾಯವಾಯಿತು. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ ಮಧ್ಯಸ್ಥಿಕೆಗೆ ಪ್ರತ್ಯೇಕ ಅಧ್ಯಾಯವನ್ನೇ ಕೊಟ್ಟಿತು.

ಕೊನೆಗೆ 2023ರಲ್ಲಿ ಮಧ್ಯಸ್ಥಿಕೆಗೆಂದೇ ಸಂಸತ್ತು ಸಮಗ್ರ ಕಾಯ್ದೆ ಮಾಡಿತು. ಅದರ ಕೆಲವು ಕಲಮುಗಳು ಆ ವರ್ಷದ ಅಕ್ಟೋಬರ್ 9ರಂದು ಜಾರಿಗೆ ಬಂದವು. ಉಳಿದವಕ್ಕೆ ಬೇರೆ ಬೇರೆ ದಿನಾಂಕ ಗೊತ್ತುಮಾಡುವ ಅಧಿಕಾರವನ್ನು ಕಾಯ್ದೆ ಸರ್ಕಾರಕ್ಕೆ ಬಿಟ್ಟಿದೆ. ಮಸೂದೆಯ ಮೊದಲ ರೂಪದಲ್ಲಿ ದಾವೆಪೂರ್ವ ಮಧ್ಯಸ್ಥಿಕೆ ಕಡ್ಡಾಯವಾಗಿತ್ತು. ಸಂಸದೀಯ ಸ್ಥಾಯಿ ಸಮಿತಿಯ ಪರಿಶೀಲನೆಯ ಬಳಿಕ ಬಂದ ಕಾಯ್ದೆಯಲ್ಲಿ ಅದು ಸ್ವಇಚ್ಛೆಯದಾಯಿತು. ಮಧ್ಯಸ್ಥಿಕೆ 120 ದಿನಗಳಲ್ಲಿ ಮುಗಿಯಬೇಕು. ಕಕ್ಷಿದಾರರು ಒಪ್ಪಿದರೆ ಇನ್ನೂ 60 ದಿನ ಮುಂದುವರಿಸಬಹುದು. ಆನ್‌ಲೈನ್ ಮಧ್ಯಸ್ಥಿಕೆಗೂ ಮಾನ್ಯತೆ ಇದೆ. ಭಾರತೀಯ ಮಧ್ಯಸ್ಥಿಕೆ ಮಂಡಳಿಯ ಸ್ಥಾಪನೆಗೂ ಕಾಯ್ದೆ ಅವಕಾಶ ಕಲ್ಪಿಸಿದೆ.

ಈ ಕಾಯ್ದೆಯಲ್ಲಿರುವ ಸಮುದಾಯ ಮಧ್ಯಸ್ಥಿಕೆಯ ಅಧ್ಯಾಯ ಹಳ್ಳಿ ಮತ್ತು ಬಡಾವಣೆಗಳ ದೃಷ್ಟಿಯಿಂದ ಮುಖ್ಯ. ಒಂದು ಪ್ರದೇಶದ ನಿವಾಸಿಗಳ ಅಥವಾ ಕುಟುಂಬಗಳ ನೆಮ್ಮದಿ ಕೆಡಿಸಬಹುದಾದ ವ್ಯಾಜ್ಯವನ್ನು, ಎರಡೂ ಕಡೆಯವರು ಮುಂಚಿತವಾಗಿ ಒಪ್ಪಿದರೆ, ಮೂವರು ಮಧ್ಯಸ್ಥರ ತಂಡದ ಮುಂದೆ ತರಬಹುದು. ಅರ್ಜಿ ಕೊಡಬೇಕಾದದ್ದು ಕಾನೂನು ಸೇವಾ ಪ್ರಾಧಿಕಾರಕ್ಕೆ. ಹಾಗೆ ಆದ ಒಪ್ಪಂದಕ್ಕೆ ಡಿಕ್ರಿಯ ಬಲವಿಲ್ಲ, ಅದು ನಿಲ್ಲುವುದು ಒಪ್ಪಿದವರ ಮಾತಿನ ಮೇಲೆ.

ಕರ್ನಾಟಕದಲ್ಲಿ

ಕರ್ನಾಟಕ ಹೈಕೋರ್ಟು 2005ರಲ್ಲಿ ಮಧ್ಯಸ್ಥಿಕೆಯ ನಿಯಮಗಳನ್ನು ರೂಪಿಸಿತು. 2007ರ ಜನವರಿ 1ರಂದು ಬೆಂಗಳೂರು ಮಧ್ಯಸ್ಥಿಕೆ ಕೇಂದ್ರ ಆರಂಭವಾಯಿತು. ಎಚ್. ಸಿದ್ದಯ್ಯ ರಸ್ತೆಯ ನ್ಯಾಯ ದೇಗುಲದಲ್ಲಿರುವ ಈ ಕೇಂದ್ರಕ್ಕೆ ನಗರದ ಸಿವಿಲ್ ಮತ್ತು ಕುಟುಂಬ ನ್ಯಾಯಾಲಯಗಳಿಂದ, ಹೈಕೋರ್ಟಿನಿಂದ ಪ್ರಕರಣಗಳು ಬರುತ್ತವೆ. ಮಧ್ಯಸ್ಥರಲ್ಲಿ ಹೆಚ್ಚಿನವರು ತರಬೇತಿ ಪಡೆದ ಅನುಭವಿ ವಕೀಲರು. ನ್ಯಾಯಾಲಯದಿಂದ ಬಂದ ಪ್ರಕರಣಗಳಿಗೆ ಕಕ್ಷಿದಾರರು ಶುಲ್ಕ ತೆರಬೇಕಾಗಿಲ್ಲ. ಅನಂತರದ ವರ್ಷಗಳಲ್ಲಿ ಜಿಲ್ಲಾ ಕೇಂದ್ರಗಳಿಗೂ ಈ ವ್ಯವಸ್ಥೆ ಹಬ್ಬಿತು. 2025ರ ಜುಲೈ 1ರಿಂದ ಸೆಪ್ಟೆಂಬರ್ 30ರವರೆಗೆ ರಾಷ್ಟ್ರೀಯ ಕಾನೂನು ಸೇವಾ ಪ್ರಾಧಿಕಾರ ಮತ್ತು ಸುಪ್ರೀಂ ಕೋರ್ಟಿನ ಸಮಿತಿ ದೇಶದಾದ್ಯಂತ ನಡೆಸಿದ ‘ರಾಷ್ಟ್ರಕ್ಕಾಗಿ ಮಧ್ಯಸ್ಥಿಕೆ’ ಅಭಿಯಾನ ರಾಜ್ಯದ ತಾಲ್ಲೂಕುಗಳನ್ನೂ ಮುಟ್ಟಿತು.

ಬೆಂಗಳೂರಿನ ಕೇಂದ್ರದಲ್ಲಿ ಕನ್ನಡದ ಜೊತೆಗೆ ತಮಿಳು, ತೆಲುಗು, ಉರ್ದು, ಹಿಂದಿ ಮಾತಾಡುವ ಕಕ್ಷಿದಾರರೂ ಬರುತ್ತಾರೆ. ತನ್ನ ನೋವನ್ನು ತನ್ನ ಮಾತಿನಲ್ಲಿ, ವಕೀಲರ ಬಾಯಿಯ ಮೂಲಕವಲ್ಲದೆ ನೇರವಾಗಿ ಹೇಳಿಕೊಳ್ಳುವುದು ಮಧ್ಯಸ್ಥಿಕೆಯಲ್ಲಿ ಅರ್ಧ ಪರಿಹಾರ. ಇಂಗ್ಲಿಷಿನಲ್ಲಿ ಬರೆದ ದಾವೆಯ ಪ್ರತಿ ಓದಲಾಗದೆ ವರ್ಷಗಟ್ಟಲೆ ಕೋರ್ಟಿನ ಮೊಗಸಾಲೆಯಲ್ಲಿ ಕಾದವರಿಗೆ ಈ ಅವಕಾಶದ ಬೆಲೆ ಚೆನ್ನಾಗಿ ಗೊತ್ತು.

ಕಲಾಪದ ಹಂತಗಳು

ಮಧ್ಯಸ್ಥಿಕೆಗೆ ಗೊತ್ತಾದ ಕ್ರಮವೊಂದಿದೆ. ಮೊದಲ ಹಂತ ಪರಿಚಯ. ಮಧ್ಯಸ್ಥರು ತಮ್ಮ ಹೆಸರು ಹೇಳಿ, ಯಾವ ಕಡೆಯವರೊಂದಿಗಾದರೂ ತಮಗೆ ನಂಟಿದ್ದರೆ ಅದನ್ನು ತಿಳಿಸಿ, ತಾವು ತೀರ್ಪು ಕೊಡುವವರಲ್ಲ, ಇಲ್ಲಿ ಆಡಿದ ಮಾತು ಹೊರಗೆ ಹೋಗುವುದಿಲ್ಲ, ಯಾವಾಗ ಬೇಕಾದರೂ ಹಿಂದೆ ಸರಿಯಬಹುದು ಎಂದು ವಿವರಿಸುತ್ತಾರೆ. ಎರಡನೆಯದು ಜಂಟಿ ಕಲಾಪ. ಇಬ್ಬರೂ ಎದುರುಬದುರು ಕೂತು ತಮ್ಮ ತಮ್ಮ ಕಥೆ ಹೇಳುತ್ತಾರೆ. ಒಬ್ಬರು ಹೇಳುವಾಗ ಇನ್ನೊಬ್ಬರು ಅಡ್ಡ ಮಾತಾಡುವಂತಿಲ್ಲ. ಎಷ್ಟೋ ವರ್ಷಗಳಿಂದ ಎದುರು ಪಕ್ಷದ ಮಾತನ್ನು ಪೂರ್ತಿ ಕೇಳಿಯೇ ಇರದವರು ಇಲ್ಲಿ ಮೊದಲ ಸಲ ಕೇಳುತ್ತಾರೆ.

ಮೂರನೆಯದು ಪ್ರತ್ಯೇಕ ಕಲಾಪ. ಮಧ್ಯಸ್ಥರು ಒಬ್ಬೊಬ್ಬರನ್ನೇ ಕೂರಿಸಿಕೊಂಡು ಎದುರಿಗೆ ಹೇಳಲಾಗದ್ದನ್ನು ಕೇಳುತ್ತಾರೆ. ಆ ಗುಟ್ಟನ್ನು ಹೇಳಿದವರ ಅನುಮತಿಯಿಲ್ಲದೆ ಇನ್ನೊಂದು ಕಡೆಗೆ ತಿಳಿಸುವಂತಿಲ್ಲ. ರಾಜಿಯಾಗದಿದ್ದರೆ ಮುಂದೇನು, ದಾವೆ ಎಷ್ಟು ವರ್ಷ ಹಿಡಿಯಬಹುದು, ಖರ್ಚೆಷ್ಟು, ಸೋತರೆ ಗತಿಯೇನು ಎಂಬ ಪ್ರಶ್ನೆಗಳನ್ನು ಕಕ್ಷಿದಾರರು ತಮಗೆ ತಾವೇ ಕೇಳಿಕೊಳ್ಳುವುದು ಇಲ್ಲಿ. ಮಧ್ಯಸ್ಥರು ಈ ಪ್ರಶ್ನೆಗಳನ್ನು ಮುಂದಿಡಬೇಕೇ ಹೊರತು ಅವುಗಳಿಂದ ಹೆದರಿಸಬಾರದು. ನಾಲ್ಕನೆಯ ಹಂತದಲ್ಲಿ ಒಪ್ಪಿದ ಅಂಶಗಳನ್ನು ಬರೆದು, ವಕೀಲರಿಂದ ಪರಿಶೀಲನೆ ಮಾಡಿಸಿ, ಓದಿ ಹೇಳಿ ಸಹಿ ಹಾಕಿಸುತ್ತಾರೆ. ಯಾರು, ಯಾವ ದಿನದೊಳಗೆ, ಏನು ಮಾಡಬೇಕು ಎಂಬುದು ಸ್ಪಷ್ಟವಾಗಿರದ ರಾಜಿಪತ್ರ ಹೊಸ ವ್ಯಾಜ್ಯಕ್ಕೆ ದಾರಿಯಾಗುತ್ತದೆ.

ಗೋಪ್ಯತೆಯ ವಿಷಯದಲ್ಲಿ ಸುಪ್ರೀಂ ಕೋರ್ಟಿನ ಮೋತಿ ರಾಮ್ ಪ್ರಕರಣದ ತೀರ್ಪು ಮಾರ್ಗದರ್ಶಕ. ರಾಜಿಯಾದರೆ ಒಪ್ಪಂದವನ್ನು ಮಾತ್ರ ನ್ಯಾಯಾಲಯಕ್ಕೆ ಕಳಿಸಬೇಕು. ಆಗದಿದ್ದರೆ ಆಗಲಿಲ್ಲ ಎಂದು ಒಂದು ವಾಕ್ಯ ಬರೆದರೆ ಸಾಕು. ಯಾರು ಏನು ಕೇಳಿದರು, ಯಾರು ಹಟ ಹಿಡಿದರು ಎಂದು ಬರೆಯಕೂಡದು. ಹಾಗೆ ಬರೆಯುವುದಾದರೆ ಮುಂದೆ ಯಾರೂ ಮನಬಿಚ್ಚಿ ಮಾತಾಡುವುದಿಲ್ಲ.

ವ್ಯಾಜ್ಯಗಳ ಬಗೆಗಳು

ದಾಂಪತ್ಯದ ವ್ಯಾಜ್ಯಗಳಲ್ಲಿ ಮಧ್ಯಸ್ಥಿಕೆಯ ಗುರಿ ಹೇಗಾದರೂ ಮಾಡಿ ಗಂಡ ಹೆಂಡಿರನ್ನು ಕೂಡಿಸುವುದು ಎಂಬ ತಿಳಿವಳಿಕೆ ಸಾಮಾನ್ಯ. ಅದು ಸರಿಯಲ್ಲ. ಕೂಡಿ ಬಾಳುವುದು ಸಾಧ್ಯವಾದರೆ ಒಳ್ಳೆಯದು. ಸಾಧ್ಯವಾಗದಿದ್ದರೆ ಗೌರವದಿಂದ ಬೇರೆಯಾಗುವುದೂ ಸಫಲ ಮಧ್ಯಸ್ಥಿಕೆಯೇ. ಜೀವನಾಂಶ, ಸ್ತ್ರೀಧನದ ವಾಪಸಾತಿ, ಮಗು ಯಾರ ಜೊತೆ ಇರಬೇಕು, ಶಾಲೆಯ ರಜೆಯಲ್ಲಿ ಎಲ್ಲಿಗೆ ಹೋಗಬೇಕು, ಹಬ್ಬಕ್ಕೆ ಅಜ್ಜಿಯ ಮನೆಗೆ ಯಾರು ಕರೆದೊಯ್ಯಬೇಕು ಎಂಬಂಥ ವಿವರಗಳನ್ನು ನ್ಯಾಯಾಲಯದ ಆದೇಶಕ್ಕಿಂತ ತಂದೆತಾಯಿಯ ಒಪ್ಪಂದ ಚೆನ್ನಾಗಿ ಹಿಡಿದಿಡುತ್ತದೆ. ಪರಸ್ಪರ ಒಪ್ಪಿಗೆಯ ವಿಚ್ಛೇದನಕ್ಕೆ ಹಿಂದೂ ವಿವಾಹ ಕಾಯ್ದೆ ಹೇಳುವ ಆರು ತಿಂಗಳ ಕಾಯುವಿಕೆಯನ್ನು ಸೂಕ್ತ ಪ್ರಕರಣಗಳಲ್ಲಿ ಬಿಡಬಹುದೆಂದು 2017ರ ಅಮರದೀಪ್ ಸಿಂಗ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಹೇಳಿತು. ರಾಜಿ ಪೂರ್ಣವಾಗಿ ಆಗಿರುವುದು ಅದಕ್ಕೆ ಬೇಕಾದ ಷರತ್ತುಗಳಲ್ಲೊಂದು.

ಪಾಲಿನ ವ್ಯಾಜ್ಯಗಳಲ್ಲಿ ಜಮೀನಿನ ಬೆಲೆಯಷ್ಟೇ ತೂಕ ಹಳೆಯ ನೋವಿಗೂ ಇರುತ್ತದೆ. ಯಾರು ಊರಲ್ಲಿ ಉಳಿದು ತಾಯಿಯನ್ನು ನೋಡಿಕೊಂಡರು, ಯಾರ ಓದಿಗೆ ಯಾರು ದುಡಿದರು, ತಂಗಿಯ ಮದುವೆಯ ಸಾಲ ಯಾರು ತೀರಿಸಿದರು ಎಂಬುದು ಯಾವ ದಾವೆಯ ವಾದಪತ್ರದಲ್ಲಿಯೂ ಬರುವುದಿಲ್ಲ. ಪಾಲಿನ ದಾವೆಯಲ್ಲಿ ಮೊದಲು ಪ್ರಾಥಮಿಕ ಡಿಕ್ರಿ, ಆಮೇಲೆ ಅಂತಿಮ ಡಿಕ್ರಿ, ನಡುವೆ ಕಮಿಷನರ್ ಬಂದು ಅಳತೆ, ಪ್ರತಿ ಹಂತಕ್ಕೂ ಮೇಲ್ಮನವಿ. ಹೀಗೆ ಒಂದು ತಲೆಮಾರೇ ಕಳೆದುಹೋಗುವುದುಂಟು. ಮಧ್ಯಸ್ಥಿಕೆಯಲ್ಲಿ ಬಾವಿಯಿರುವ ತುಂಡು ಒಬ್ಬರಿಗೆ, ರಸ್ತೆ ಬದಿಯದು ಇನ್ನೊಬ್ಬರಿಗೆ, ನೀರು ಹಾಯಿಸಲು ಸರದಿ ಎಂಬ ಹಂಚಿಕೆಯನ್ನು ಅವರೇ ಮಾಡಿಕೊಳ್ಳಬಹುದು.

ಇದೇ ಜಾಗದಲ್ಲಿ ದೊಡ್ಡ ಅಪಾಯವೂ ಇದೆ. ಕರ್ನಾಟಕ 1994ರ ತಿದ್ದುಪಡಿಯಿಂದ, ದೇಶ 2005ರ ತಿದ್ದುಪಡಿಯಿಂದ, ಹಿಂದೂ ಕುಟುಂಬದ ಪಿತ್ರಾರ್ಜಿತ ಆಸ್ತಿಯಲ್ಲಿ ಹೆಣ್ಣುಮಕ್ಕಳಿಗೆ ಗಂಡುಮಕ್ಕಳಂತೆ ಹಕ್ಕು ಕೊಟ್ಟಿವೆ. 2020ರ ವಿನೀತಾ ಶರ್ಮ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಆ ಹಕ್ಕು ಹುಟ್ಟಿನಿಂದ ಬಂದದ್ದು ಎಂದು ಸ್ಪಷ್ಟಪಡಿಸಿತು. ಆದರೂ ತವರಿನ ಬಾಗಿಲು ಮುಚ್ಚೀತೆಂಬ ಅಂಜಿಕೆಯಿಂದ, ಅರಿಸಿನ ಕುಂಕುಮದ ಹೆಸರಿನಲ್ಲಿ ಸಣ್ಣ ಮೊತ್ತ ಪಡೆದು ಹಕ್ಕು ಬಿಡುಗಡೆ ಪತ್ರಕ್ಕೆ ಸಹಿ ಹಾಕುವ ಅಕ್ಕತಂಗಿಯರು ಬಹಳ. ತನ್ನ ಪಾಲೆಷ್ಟು, ಅದರ ಬೆಲೆಯೇನು ಎಂದು ತಿಳಿದುಕೊಂಡು ಆಕೆ ಬಿಟ್ಟುಕೊಟ್ಟರೆ ಅದು ಆಕೆಯ ಇಷ್ಟ. ತಿಳಿಯದೆ ಬಿಟ್ಟದ್ದನ್ನು ರಾಜಿ ಎನ್ನಲಾಗದು. ಸಹಿಗೆ ಮುನ್ನ ಇದನ್ನು ಖಚಿತಪಡಿಸಿಕೊಳ್ಳುವುದು ಮಧ್ಯಸ್ಥರ ಹೊಣೆ.

ನೆರೆಹೊರೆಯ ವ್ಯಾಜ್ಯಗಳು ಹೊರಗಿನವರಿಗೆ ಸಣ್ಣವು, ಅನುಭವಿಸುವವರಿಗೆ ದೊಡ್ಡವು. ಬದು ಒತ್ತುವರಿ, ಕಾಲುದಾರಿ, ಗಡಿಯ ಮರ, ಅಪಾರ್ಟ್‌ಮೆಂಟಿನ ವಾಹನ ನಿಲುಗಡೆ, ಮೇಲಿನ ಮನೆಯಿಂದ ಸೋರುವ ನೀರು, ಇವು ಪೊಲೀಸ್ ಠಾಣೆಗೆ ಹೋದರೆ ದ್ವೇಷವಾಗುತ್ತವೆ. ಹೊಲದ ಗಡಿಯ ತಕರಾರಿನಲ್ಲಿ ಸರ್ವೆ ಇಲಾಖೆಯಿಂದ ಹದ್ದುಬಸ್ತು ಮಾಡಿಸಿ, ಆ ನಕ್ಷೆ ಮುಂದಿಟ್ಟುಕೊಂಡು ಮಾತಿಗೆ ಕೂತರೆ ರಾಜಿ ಬೇಗ ಆಗುತ್ತದೆ. ಅಳತೆಯಿಂದ ತೀರುವುದನ್ನು ಮೊದಲು ತೀರಿಸಿಕೊಂಡರೆ ಮಾತಿನಿಂದ ತೀರಬೇಕಾದದ್ದು ಮಾತ್ರ ಉಳಿಯುತ್ತದೆ.

ಒಪ್ಪಂದದ ಬಲ

ದಾವೆ ನಡೆಯುತ್ತಿರುವಾಗ ಆದ ಒಪ್ಪಂದವನ್ನು ನ್ಯಾಯಾಲಯ ಪರಿಶೀಲಿಸಿ ರಾಜಿ ಡಿಕ್ರಿ ಮಾಡುತ್ತದೆ. 2023ರ ಕಾಯ್ದೆ, ಸಮುದಾಯ ಮಧ್ಯಸ್ಥಿಕೆಯ ಹೊರತಾಗಿ, ಮಧ್ಯಸ್ಥಿಕೆಯ ಒಪ್ಪಂದವನ್ನು ಡಿಕ್ರಿಯಂತೆಯೇ ಜಾರಿಮಾಡಬಹುದು ಎನ್ನುತ್ತದೆ. ಅದನ್ನು ಪ್ರಶ್ನಿಸಬಹುದಾದ ಆಧಾರಗಳು ನಾಲ್ಕೇ. ವಂಚನೆ, ಭ್ರಷ್ಟಾಚಾರ, ಬೇರೊಬ್ಬರ ಸೋಗು, ಮಧ್ಯಸ್ಥಿಕೆಗೆ ಸಲ್ಲದ ವಿಷಯ. ಸಾಮಾನ್ಯವಾಗಿ 90 ದಿನಗಳೊಳಗೆ ಪ್ರಶ್ನಿಸಬೇಕು. ಒತ್ತಡ, ಬಲವಂತಗಳು ಈ ಪಟ್ಟಿಯಲ್ಲಿ ಹೆಸರಿನಿಂದ ಸೇರಿಲ್ಲ. ಆದ್ದರಿಂದ ಸಹಿಗೆ ಮುನ್ನವೇ ಎಚ್ಚರ ಬೇಕು. 89ನೇ ಕಲಮಿನಡಿ ಇತ್ಯರ್ಥವಾದ ದಾವೆಗಳಲ್ಲಿ ಕೋರ್ಟ್ ಶುಲ್ಕವನ್ನು ಹಿಂದಿರುಗಿಸಲು ಕೇಂದ್ರದ ಕೋರ್ಟ್ ಶುಲ್ಕ ಕಾಯ್ದೆಯಲ್ಲಿ ಅವಕಾಶವಿದೆ.

ಮಿತಿಗಳು

ಎಲ್ಲವನ್ನೂ ರಾಜಿ ಮಾಡಬಾರದು. ಅತ್ಯಾಚಾರದ ಪ್ರಕರಣಗಳಲ್ಲಿ ರಾಜಿಯ ಮಾತೇ ಸಲ್ಲದು ಎಂದು ಸುಪ್ರೀಂ ಕೋರ್ಟು 2015ರ ಮದನಲಾಲ್ ಪ್ರಕರಣದಲ್ಲಿ ಖಂಡಿತವಾಗಿ ಹೇಳಿತು. ಗಂಭೀರ ಅಪರಾಧ ಸಮಾಜದ ವಿರುದ್ಧವಾದದ್ದು, ಅದನ್ನು ಇಬ್ಬರ ನಡುವಿನ ಮನಸ್ತಾಪವೆಂದು ಎಣಿಸಲಾಗದು. ಕೆಲಸದ ಸ್ಥಳದಲ್ಲಿನ ಲೈಂಗಿಕ ಕಿರುಕುಳ ತಡೆಯುವ 2013ರ ಕಾಯ್ದೆ ಈ ವಿಷಯದಲ್ಲಿ ಒಳ್ಳೆಯ ಮಾದರಿ. ದೂರು ಕೊಟ್ಟ ಮಹಿಳೆ ತಾನಾಗಿ ಕೇಳಿದರೆ ಮಾತ್ರ ಸಂಧಾನ, ಅದೂ ಹಣ ಕೊಟ್ಟು ಮುಗಿಸುವ ಸಂಧಾನವಾಗಕೂಡದು.

ಜಾತಿ ಪಂಚಾಯ್ತಿಗಳು ನ್ಯಾಯದ ಹೆಸರಿನಲ್ಲಿ ಹುಟ್ಟುಹಾಕುವ ಭಯ ಇನ್ನೊಂದು ಮಿತಿ. ವಯಸ್ಕರ ಮದುವೆಯ ಆಯ್ಕೆಯಲ್ಲಿ ಖಾಪ್ ಪಂಚಾಯ್ತಿಗಳು ತಲೆಹಾಕುವುದು ಕಾನೂನುಬಾಹಿರ ಎಂದು 2018ರ ಶಕ್ತಿ ವಾಹಿನಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಹೇಳಿತು. ದಂಡ, ಬಹಿಷ್ಕಾರ, ತಪ್ಪೊಪ್ಪಿಗೆಯ ಅವಮಾನಗಳಿರುವ ಕಡೆ ಮಧ್ಯಸ್ಥಿಕೆಯ ಯಾವ ಲಕ್ಷಣವೂ ಇರುವುದಿಲ್ಲ.

ಕೌಟುಂಬಿಕ ಹಿಂಸೆ ಇರುವ ಮನೆಗಳ ಪ್ರಶ್ನೆ ಎಲ್ಲಕ್ಕಿಂತ ಸೂಕ್ಷ್ಮ. ಹೊಡೆಯುವವನ ಎದುರಿಗೆ ಕೂತ ಹೆಣ್ಣು ‘ಸರಿ’ ಎಂದದ್ದು ಒಪ್ಪಿಗೆಯೋ ಹೆದರಿಕೆಯೋ ಎಂದು ಹೊರಗಿನಿಂದ ತಿಳಿಯುವುದು ಕಷ್ಟ. ಮಧ್ಯಸ್ಥರು ಮೊದಲು ಆಕೆಯನ್ನು ಪ್ರತ್ಯೇಕವಾಗಿ ಮಾತಾಡಿಸಬೇಕು. ಭಯ ಕಂಡರೆ ಕಲಾಪವನ್ನು ಅಲ್ಲಿಗೇ ನಿಲ್ಲಿಸಬೇಕು. ರಕ್ಷಣೆಯ ಆದೇಶ ಮೊದಲು, ಮಾತುಕತೆ ಆಮೇಲೆ. ‘ಹೊಂದಿಕೊಂಡು ಹೋಗಮ್ಮ’ ಎಂಬ ಬುದ್ಧಿವಾದ ಮಧ್ಯಸ್ಥಿಕೆಯ ಕೋಣೆಯಲ್ಲಿ ಕೇಳಿಬರಬಾರದ ಮಾತು.

ಮೌಲ್ಯಮಾಪನ

ದೇಶದ ಜಿಲ್ಲಾ ಮತ್ತು ಅಧೀನ ನ್ಯಾಯಾಲಯಗಳಲ್ಲಿ ನಾಲ್ಕು ಕೋಟಿಗೂ ಹೆಚ್ಚು ಪ್ರಕರಣಗಳು ಬಾಕಿಯಿವೆ. ಮಧ್ಯಸ್ಥಿಕೆಯಿಂದ ಈ ಹೊರೆ ತಗ್ಗುತ್ತದೆ ಎಂಬುದು ಅದರ ಪರವಾಗಿ ಹೆಚ್ಚಾಗಿ ಕೇಳಿಬರುವ ವಾದ. ವಾದ ನಿಜ, ಆದರೆ ಮಧ್ಯಸ್ಥಿಕೆಯನ್ನು ಅದೊಂದರಿಂದಲೇ ಅಳೆದರೆ ಕೆಡುಕಾಗುತ್ತದೆ. ಇತ್ಯರ್ಥವಾದ ಪ್ರಕರಣಗಳ ಸಂಖ್ಯೆಯೇ ಗುರಿಯಾದಾಗ ಮಧ್ಯಸ್ಥರು ಒತ್ತಾಯಕ್ಕೆ ಇಳಿಯುತ್ತಾರೆ. ಒತ್ತಾಯದ ಭಾರ ಬೀಳುವುದು ಯಾವಾಗಲೂ ಬಡವರ ಮೇಲೆ, ಹೆಣ್ಣುಮಕ್ಕಳ ಮೇಲೆ, ವಯಸ್ಸಾದವರ ಮೇಲೆ. ನ್ಯಾಯ ತಡವಾಗುತ್ತದೆಂಬ ಹತಾಶೆಯಿಂದ ಹುಟ್ಟಿದ ರಾಜಿಯೂ ಪೂರ್ಣ ಸ್ವಇಚ್ಛೆಯದಲ್ಲ. ನ್ಯಾಯಾಲಯಗಳು ಚುರುಕಾಗಿ ನಡೆದಷ್ಟೂ ಮಧ್ಯಸ್ಥಿಕೆ ಹೆಚ್ಚು ನಿಜವಾಗುತ್ತದೆ, ಏಕೆಂದರೆ ಆಗ ಕಕ್ಷಿದಾರನ ಮುಂದೆ ಎರಡು ದಾರಿಗಳು ಇರುತ್ತವೆ.

ಆದ್ದರಿಂದ ಆಗಬೇಕಾದ ಕೆಲಸ ಸ್ಪಷ್ಟ. ತಾಲ್ಲೂಕು ಮಟ್ಟದಲ್ಲಿ ಕನ್ನಡದಲ್ಲಿಯೇ ತರಬೇತಿ ಪಡೆದ ಮಧ್ಯಸ್ಥರು ಬೇಕು. ವಕೀಲರ ಜೊತೆಗೆ ನಿವೃತ್ತ ಶಿಕ್ಷಕರು, ಸಮಾಜ ಕಾರ್ಯಕರ್ತರು, ದಲಿತ ಮತ್ತು ಹಿಂದುಳಿದ ಸಮುದಾಯಗಳವರು, ಮಹಿಳೆಯರು ಸಾಕಷ್ಟು ಸಂಖ್ಯೆಯಲ್ಲಿ ಆ ಕುರ್ಚಿಯಲ್ಲಿ ಕೂರಬೇಕು. ಸಹಿಗೆ ಮುನ್ನ ಪ್ರತಿ ಕಕ್ಷಿದಾರರಿಗೂ ಉಚಿತ ಕಾನೂನು ಸಲಹೆ ಸಿಗಬೇಕು, ಮನೆಗೆ ಹೋಗಿ ಯೋಚಿಸಿ ಬರಲು ಕಾಲಾವಕಾಶ ಇರಬೇಕು. ಒಪ್ಪಂದವಾಗಿ ಆರು ತಿಂಗಳ ಮೇಲೆ ಅದು ನಡೆಯುತ್ತಿದೆಯೇ ಎಂದು ವಿಚಾರಿಸುವ ಕ್ರಮ ಬರಬೇಕು. ಇಷ್ಟಾದರೆ ಊರಿನ ಹಿರಿಯರ ಮಾತಿಗಿದ್ದ ಹತ್ತಿರದ ಗುಣವೂ, ಸಂವಿಧಾನ ಕೊಟ್ಟ ಸಮಾನತೆಯೂ ಒಂದೇ ಕೋಣೆಯಲ್ಲಿ ಸಿಗುತ್ತವೆ. ಬೇಡವೆನ್ನುವ ಧೈರ್ಯ ಎಲ್ಲರಿಗಿಂತ ದುರ್ಬಲರಾದ ಕಕ್ಷಿದಾರರಿಗೂ ಇರುವ ಕಡೆ ಮಾಡಿಕೊಂಡ ರಾಜಿಯೇ ಬಾಳಿಕೆ ಬರುವ ರಾಜಿ.